ಹದಿನಾರು ಫ್ಲಾಪಿಗಳಿಗೆ ನಾನು ಪೋಣಿಸಿದ ದಾರ

ಸೀರೆಯ ಅಂಚಿನ ಮೇಲೆ ಒಂದು ಹಂಸ ಕೂರಬೇಕಾದರೆ ಅದಕ್ಕೆ ಮೂರು ಕೈ ಬೇಕಾಗುತ್ತಿತ್ತು. ಮೊದಲನೆಯದು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕಕ್ಕೂ ಕೆಂಪು ಬಣ್ಣ ತುಂಬಿ ಹಂಸವನ್ನು ಬಿಡಿಸುವ ಕೈ. ಎರಡನೆಯದು ಆ ಚೌಕಗಳನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವ ಕೈ. ಮೂರನೆಯದು ಆ ಕಾರ್ಡುಗಳನ್ನು ಸಾಲಾಗಿ ಜೋಡಿಸಿ, ಎರಡೂ ಅಂಚಿನಲ್ಲಿ ದಾರ ಪೋಣಿಸಿ, ಉದ್ದನೆಯ ಸರ ಮಾಡುವ ಕೈ. ಆ ಸರ ಮಗ್ಗದ ಮೇಲೇರಿ ತಿರುಗುತ್ತಾ ಹೋದ ಹಾಗೆ ಮಗ್ಗ ತೂತುಗಳನ್ನು ಓದಿಕೊಂಡು ಹಂಸ ನೇಯುತ್ತದೆ. ದೊಡ್ಡಬಳ್ಳಾಪುರದ ನಮ್ಮ ಸಾವ್ಕಾರರ ಶೆಡ್ಡಿನಲ್ಲಿ ಮೊದಲನೆಯ ಕೈ ನಮ್ಮ ಮನೆಯವರದು, ಮೂರನೆಯದು ನನ್ನದು.

ನಾನು ಇಪ್ಪತ್ತು ವರ್ಷ ಕಾರ್ಡಿಗೆ ದಾರ ಪೋಣಿಸಿದವಳು. ಒಂದು ಕಾರ್ಡು ಹಿಂದುಮುಂದಾದರೂ ಸೀರೆಯುದ್ದಕ್ಕೂ ಹಂಸದ ಕೊಕ್ಕು ಬಾಲದಲ್ಲಿ ಬರುತ್ತದೆ. ಹಾಗಾಗಿ ಬಿಡಿ ಕಾರ್ಡು ಕಣ್ಣಿಗೆ ಬಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ದಾರ ಬಿದ್ದ ಮೇಲೇ ಅದು ಸುರಕ್ಷಿತ. ಈ ಮಾತನ್ನು ಯಾರೂ ನನಗೆ ಬಾಯಿಬಿಟ್ಟು ಹೇಳಿಕೊಟ್ಟದ್ದಲ್ಲ, ಬೆರಳೇ ಕಲಿತುಕೊಂಡದ್ದು.

ತೊಂಬತ್ತರ ದಶಕ ಶುರುವಾಗಿ ಮೂರೋ ನಾಲ್ಕೋ ವರ್ಷವಾಗಿತ್ತು. ಸಾವ್ಕಾರರು ಸೀರೆ ಡಿಸೈನು ಮಾಡಲೆಂದು ಒಂದು ಕಂಪ್ಯೂಟರ್ ತಂದರು. ಶೆಡ್ಡಿನ ಒಂದು ಮೂಲೆಗೆ ಪ್ಲೈವುಡ್ ಅಡ್ಡ ಹೊಡೆಸಿ, ಕಿಟಕಿಗೆ ಪರದೆ ಬಿಟ್ಟು, ಬಾಗಿಲಲ್ಲಿ ಚಪ್ಪಲಿ ಬಿಡಬೇಕು ಅಂತ ಬರೆಸಿದರು. ನಮ್ಮ ಮನೆಯವರಿಗೆ ಆಗ ಐವತ್ತೆರಡು. ಸಾವ್ಕಾರರು ಅವರನ್ನು ಕರೆದು ಹೇಳಿದ ಮಾತನ್ನು ಅವರು ಮನೆಗೆ ಬಂದು ನನ್ನೆದುರು ಹಾಗೇ ಒಪ್ಪಿಸಿದರು. "ನಿನ್ನ ಕೈ ಇರೋವಾಗ ನಾನು ಬೇರೆ ಕೈ ಹುಡುಕಲ್ಲಪ್ಪ. ಆದ್ರೆ ದೀಪಾವಳಿವರೆಗೂ ನೋಡ್ತೀನಿ. ಅಷ್ಟರೊಳಗೆ ಮದುವೆ ಸೀಸನ್ನಿನ ಎಂಟು ಡಿಸೈನೂ ಇದ್ರಲ್ಲೇ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಬೆಂಗಳೂರಿಂದ ಕಲ್ತಿರೋರನ್ನ ಕರೆಸ್ತೀನಿ, ಬೇಜಾರು ಮಾಡ್ಕೋಬೇಡ."

ಆಗ ಯುಗಾದಿ ಕಳೆದು ತಿಂಗಳಾಗಿತ್ತು. ದೀಪಾವಳಿಗೆ ಇನ್ನೂ ದಿನವಿತ್ತು. ಆದರೆ ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ ಒಂದಿತ್ತು. ಇವರು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ ಮಾತ್ರ. ಆ ಕಂಪ್ಯೂಟರಿನ ಪರದೆಯ ಮೇಲೆ ಬರುತ್ತಿದ್ದ ಅಕ್ಷರವೆಲ್ಲ ಇಂಗ್ಲಿಷು. ಮೂವತ್ತು ವರ್ಷ ಡಿಸೈನ್ ಮಾಸ್ಟರ್ ಅನ್ನಿಸಿಕೊಂಡವರಿಗೆ ಎ ಬಿ ಸಿ ಡಿ ಬರುವುದಿಲ್ಲ ಅನ್ನುವುದನ್ನು ಶೆಡ್ಡಿನಲ್ಲಿ ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಗ್ರಾಫ್ ಹಾಳೆಗೆ ಅದು ಬೇಕಾಗಿಯೂ ಇರಲಿಲ್ಲ.

ನಾನು ಆವತಿಯಲ್ಲಿ ಹುಟ್ಟಿ ದೇವನಹಳ್ಳಿಯ ಹೈಸ್ಕೂಲಿಗೆ ನಡೆದುಕೊಂಡು ಹೋಗಿ ಎಸ್ಸೆಸ್ಸೆಲ್ಸಿ ಮಾಡಿದವಳು. ಇಂಗ್ಲಿಷು ಮಾತಾಡಲು ಬಾರದಿದ್ದರೂ ಅಕ್ಷರ ಕೂಡಿಸಿ ಓದಬಲ್ಲೆ. ಕಂಪ್ಯೂಟರ್ ಹೇಳಿಕೊಡಲು ಪ್ರತಿ ಗುರುವಾರ ಬೆಂಗಳೂರಿನಿಂದ ಒಬ್ಬರು ಬಸ್ಸಿನಲ್ಲಿ ಬರುತ್ತಿದ್ದರು. ಶೆಡ್ಡಿನವರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ನಾನು ಕಾರ್ಡಿನ ರಾಶಿಯನ್ನು ಎತ್ತಿಕೊಂಡು ಹೋಗಿ ಪ್ಲೈವುಡ್ಡಿನ ಈಚೆಗೆ, ಗೋಡೆಗೆ ಒರಗಿ ಕೂತೆ. ಗುರುವಾರ ಮಾತ್ರ ಅಲ್ಲೇ ಯಾಕೆ ಕೂರುತ್ತೀಯ ಅಂತ ಯಾರೋ ಕೇಳಿದರೆ ಅಲ್ಲಿ ಫ್ಯಾನಿನ ಗಾಳಿ ಬರುತ್ತದೆ ಅಂದೆ. ದಾರ ಪೋಣಿಸುತ್ತಾ ಮೇಷ್ಟ್ರು ಹೇಳಿದ್ದನ್ನೆಲ್ಲ ಕಿವಿಯಲ್ಲಿ ಹಿಡಿದಿಟ್ಟುಕೊಂಡು, ಸಂಜೆ ಮನೆಗೆ ಬಂದ ಕೂಡಲೇ ಕೈಕಾಲು ತೊಳೆಯುವ ಮೊದಲೇ ಒಂದು ನೂರು ಪುಟದ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ.

ಮೇಷ್ಟ್ರು ಒಳ್ಳೆಯವರು, ತಮಾಷೆಯವರು. ಮೊದಲ ವಾರ ಮೌಸ್ ಹಿಡಿಸಿದರು. ಇವರು ಅದನ್ನು ಮೇಜಿನ ತುದಿಯವರೆಗೂ ತಳ್ಳಿಕೊಂಡು ಹೋದರು. ಪರದೆಯ ಮೇಲಿನ ಬಾಣ ಇನ್ನೂ ಅರ್ಧ ದಾರಿಯಲ್ಲಿತ್ತು. ಇವರು ತಳ್ಳುವುದನ್ನು ನಿಲ್ಲಿಸಲಿಲ್ಲ. ಮೌಸು ಮೇಜು ದಾಟಿ, ಪಕ್ಕದ ಸ್ಟೂಲು ದಾಟಿ, ಗೋಡೆಗೆ ಹೋಗಿ ನಿಂತಿತು.

"ಸಾರ್, ಹಿಂಗೇ ಬಿಟ್ರೆ ಅದು ಹೊಸಕೋಟೆ ಬಸ್ಸು ಹತ್ತಿಬಿಡುತ್ತೆ," ಅಂದರು ಮೇಷ್ಟ್ರು. "ಎತ್ತಿ ವಾಪಸ್ ಮೇಜಿನ ಮಧ್ಯಕ್ಕೆ ಇಟ್ಕೊಳ್ಳಿ. ಎತ್ತಿದಾಗ ಬಾಣ ಕದಲೋದಿಲ್ಲ, ಭಯಪಡಬೇಡಿ."

ಇವರಿಗೆ ನಗು ಬರಲಿಲ್ಲ. ನಾನು ಆ ಸಂಜೆ ಬರೆದುಕೊಂಡೆ: ಜಾಗ ಮುಗಿದರೆ ಮೌಸನ್ನು ಎತ್ತಿ ಮಧ್ಯಕ್ಕೆ ಇಡಬೇಕು. ಎತ್ತಿದಾಗ ಏನೂ ಆಗುವುದಿಲ್ಲ.

ಹೀಗೆ ವಾರಕ್ಕೆ ಎರಡು ಪುಟ ತುಂಬಿತು. ನಮಗೆ ಅರ್ಥವಾಗುವ ಮಾತಿನಲ್ಲೇ ಬರೆದೆ. ಕೀಗಳನ್ನು ಒತ್ತಿ ಹಿಡಿಯಬಾರದು, ಕಾವಲಿ ಕಾದಿದೆಯಾ ಅಂತ ಬೆರಳು ತಾಕಿಸಿ ನೋಡುವ ಹಾಗೆ ಮುಟ್ಟಿ ಬಿಡಬೇಕು. ಏನನ್ನಾದರೂ ಒತ್ತುವ ಮೊದಲು ಮಿಣುಕುವ ಗೆರೆ ಎಲ್ಲಿದೆ ಅಂತ ಹುಡುಕಬೇಕು, ಕುಂಚದ ತುದಿ ಈಗ ಅಲ್ಲಿದೆ ಅಂತ ತಿಳಿಯಬೇಕು. ಪರದೆ ಕಪ್ಪಾದರೆ ಕೆಟ್ಟಿತು ಅಂತಲ್ಲ, ಮೊದಲು ಮೌಸನ್ನು ಅಲ್ಲಾಡಿಸಿ ನೋಡಬೇಕು. ಒಂದು ಬುಟ್ಟಾ ಮುಗಿದ ಕೂಡಲೇ ಸೇವ್ ಮಾಡಬೇಕು. ಕಾಫಿಗೆ ಎದ್ದರೂ ಸೇವ್ ಮಾಡಿ ಏಳಬೇಕು. ಕರೆಂಟು ಹೋದರೆ ಮಗ್ಗ ನಿಂತಲ್ಲೇ ನಿಂತು ಕಾಯುತ್ತದೆ, ಇದು ಕಾಯುವುದಿಲ್ಲ, ಮರೆತುಬಿಡುತ್ತದೆ. ಈ ಕೊನೆಯದನ್ನು ಇವರು ಮೂರು ಸಲ ಕೇಳಿ ತಿಳಿದುಕೊಂಡರು. ಮೂವತ್ತು ವರ್ಷ ಕರೆಂಟು ಹೋದಾಗ ಬೀಡಿ ಸೇದಿ ಬಂದು, ಬಿಟ್ಟ ಕಡೆಯಿಂದಲೇ ಕೆಲಸ ಮುಂದುವರಿಯುವುದನ್ನು ನೋಡಿದವರಿಗೆ ಅದು ಸುಲಭಕ್ಕೆ ಒಳಗಿಳಿಯುವ ಮಾತಲ್ಲ.

ಪರದೆ ಪ್ರಶ್ನೆ ಕೇಳಿದರೆ ಅವಸರಕ್ಕೆ ಹೌದು ಅನ್ನಬಾರದು ಅಂತಲೂ ಬರೆದೆ. ಅದರ ಕೆಳಗೆ ವೈ ಅಕ್ಷರವನ್ನೂ ಎನ್ ಅಕ್ಷರವನ್ನೂ ದೊಡ್ಡದಾಗಿ ಬಿಡಿಸಿದೆ. ಇವರು ಅಕ್ಷರಗಳನ್ನು ಓದಲಿಲ್ಲ, ಚಿತ್ರದ ಹಾಗೆ ಗುರುತಿಟ್ಟುಕೊಂಡರು. ವೈ ಅಂದರೆ ಕವೆಗೋಲು, ಎಸ್ ಅಂದರೆ ಹಂಸದ ಕತ್ತು. ಹಳೇ ಗ್ರಾಫ್ ಹಾಳೆಯ ಹಿಂಬದಿಯಲ್ಲಿ ನಾನು ಕೀಬೋರ್ಡನ್ನು ಬರೆದುಕೊಟ್ಟೆ. ಊಟಕ್ಕೆ ಮೊದಲು ನಡುಮನೆಯಲ್ಲಿ ಅದನ್ನು ಹಾಸಿಕೊಂಡು, ಬೆಂಕಿಪೊಟ್ಟಣವನ್ನೇ ಮೌಸು ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದರು. ನಾನು ಮುದ್ದೆ ತಿರುವುತ್ತಾ ಒಳಗಿನಿಂದ ಕೇಳುತ್ತಿದ್ದೆ, ಈಗ ಕರೆಂಟು ಹೋಯ್ತು, ಏನು ಮಾಡಿದ್ರಿ ಅಂತ. ಸೇವ್ ಮಾಡಿದ್ದೆ ಕಣೇ ಅನ್ನುತ್ತಿದ್ದರು. ಒಂದೊಂದು ದಿನ ಸುಳ್ಳೂ ಹೇಳುತ್ತಿದ್ದರು.

ಶ್ರಾವಣ ಬರುವ ಹೊತ್ತಿಗೆ ಕೈ ಕುದುರಿತು. ಮುಖ್ಯವಾಗಿ ಒಂದು ಸಂಗತಿ ಅವರನ್ನು ಗೆದ್ದುಬಿಟ್ಟಿತು. ಗ್ರಾಫಿನ ಚೌಕಗಳು ಆಗಲೇ ಅವರ ಕಣ್ಣಿಗೆ ಮಂಜಾಗುತ್ತಿದ್ದವು. ಕಂಪ್ಯೂಟರಿನಲ್ಲಿ ಚೌಕವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಹಂಸದ ಕಣ್ಣು ಅಂಗೈಯಷ್ಟು ಕಾಣುತ್ತೆ ಕಣೇ ಅಂತ ಒಂದು ಸಂಜೆ ಬಂದು ಹೇಳಿದಾಗ ಅವರ ಮುಖ ನೋಡಿ ನನಗೆ ಎದೆಭಾರ ಇಳಿದಂತಾಯಿತು.

ಮೊದಲ ಮೂರು ಡಿಸೈನುಗಳನ್ನು ಅವರು ಕಾಗದದ ಮೇಲೆ ಬಿಡಿಸಿಕೊಂಡೇ ಕಂಪ್ಯೂಟರಿಗೆ ಹಾಕಿದರು. ಎರಡೆರಡು ಕೆಲಸ. ಹೀಗೆ ಹೋದರೆ ದೀಪಾವಳಿಗೆ ಎಂಟು ಮುಗಿಯುವುದಿಲ್ಲ, ಕಾಗದ ಬಿಡಿ, ನೇರ ಅದರಲ್ಲೇ ಬಿಡಿಸಿ, ಅದು ಹೇಗೂ ಇಟ್ಟುಕೊಂಡಿರುತ್ತಲ್ಲ ಅಂದವಳು ನಾನು. ಅವರು ಎರಡು ದಿನ ಯೋಚನೆ ಮಾಡಿ ಒಪ್ಪಿದರು. ನಾಲ್ಕನೆಯದರಿಂದ ಕಾಗದ ನಿಂತಿತು.

ಆ ಯಂತ್ರದ ಒಳಗೆ ಜಾಗ ಕಡಿಮೆ. ಮುಗಿದ ಡಿಸೈನನ್ನು ಫ್ಲಾಪಿಗೆ ಇಳಿಸಿಕೊಂಡು ಒಳಗಿನದನ್ನು ಅಳಿಸಿಬಿಡಬೇಕು ಅಂತ ಮೇಷ್ಟ್ರು ಹೇಳಿದ್ದರು. ಫ್ಲಾಪಿ ಅಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ತೆಳ್ಳಗಿನ, ಕಪ್ಪು ಚೌಕ. ಅದರ ವಿಷಯಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪೂರ್ತಿ ಪುಟ ಇತ್ತು. ಚೀಟಿ ಇರುವ ಕಡೆಯೇ ಹಿಡಿಯಬೇಕು. ಉದ್ದನೆಯ ಕಿಂಡಿಯೊಳಗೆ ಕಾಣುವುದನ್ನು ಮುಟ್ಟಬಾರದು. ಬಿಸಿಲಿಗೆ ಇಡಬಾರದು. ಬಿದ್ದ ಸೂಜಿ ಎತ್ತುವ ಅಯಸ್ಕಾಂತವನ್ನು ಹತ್ತಿರಕ್ಕೆ ತರಬಾರದು. ಮಡಚಬಾರದು. ಚೀಟಿಯ ಮೇಲೆ ಹೆಸರು ಬರೆಯುವುದಾದರೆ ಮೊದಲೇ ಬರೆದು ಆಮೇಲೆ ಅಂಟಿಸಬೇಕು, ಅಂಟಿಸಿದ ಮೇಲೆ ಪೆನ್ನು ಒತ್ತಿ ಬರೆದರೆ ಒಳಗೆ ಗಾಯವಾಗುತ್ತದೆ. ಒಂದೊಂದಕ್ಕೂ ಎರಡೆರಡು ಪ್ರತಿ ಮಾಡಿಡಬೇಕು. ಇಷ್ಟನ್ನೂ ಮೇಷ್ಟ್ರು ಹೇಳಿದರು, ಇಷ್ಟನ್ನೂ ನಾನು ಬರೆದೆ, ಇಷ್ಟನ್ನೂ ಇವರು ಪಾಲಿಸಿದರು.

ದಸರಾ ಮುಗಿದ ಮೇಲಿನ ವಾರ ಎಂಟನೆಯದೂ ಮುಗಿಯಿತು. ಬರುವ ಗುರುವಾರ ಮೇಷ್ಟ್ರು ಬೆಂಗಳೂರಿನಿಂದ ಪ್ರಿಂಟರ್ ತಂದು ಎಲ್ಲವನ್ನೂ ಕಾಗದಕ್ಕೆ ತೆಗೆಯುವುದು, ಆ ಕಾಗದ ನೋಡಿಕೊಂಡು ಕಾರ್ಡು ಹೊಡೆಯುವುದು ಅಂತ ತೀರ್ಮಾನವಾಗಿತ್ತು. ಎಂಟು ಡಿಸೈನು, ಎರಡೆರಡು ಪ್ರತಿ, ಹದಿನಾರು ಫ್ಲಾಪಿ. ನಿನ್ನ ಅಕ್ಷರ ಗುಂಡಗಿದೆ, ಚೀಟಿ ನೀನೇ ಬರಿ ಅಂತ ಇವರು ಶನಿವಾರ ಎಲ್ಲವನ್ನೂ ಮನೆಗೆ ತಂದರು. ಭಾನುವಾರ ನೆಲಮಂಗಲದಲ್ಲಿ ನೆಂಟರ ಗೃಹಪ್ರವೇಶವಿತ್ತು, ಇವರು ಹೋದರು, ನಾನು ಉಳಿದೆ.

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕೈ ಚೆನ್ನಾಗಿ ಒರೆಸಿಕೊಂಡು, ಚಾಪೆಯ ಮೇಲೆ ಒಗೆದ ಪಂಚೆ ಹಾಸಿ ಕೂತೆ. ಚೀಟಿಗಳನ್ನು ಮೊದಲೇ ಬರೆದೆ, ಆಮೇಲೆ ಅಂಟಿಸಿದೆ. ಹಂಸ, ಮಾವಿನಕಾಯಿ, ಎರಡೆಳೆ ಬಳ್ಳಿ, ಹೀಗೆ ಒಂದೊಂದರ ಹೆಸರು. ಮುಗಿದ ಮೇಲೆ ಹದಿನಾರೂ ಪಂಚೆಯ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದವು.

ನನಗೆ ಅದು ನೋಡಲಾಗಲಿಲ್ಲ.

ಫ್ಲಾಪಿಯಲ್ಲಿ ಆಗಲೇ ತೂತುಗಳಿದ್ದವು. ನಡುವೆ ದೊಡ್ಡದೊಂದು, ಅದರ ಪಕ್ಕ ಚಿಕ್ಕದೊಂದು, ಉದ್ದನೆಯ ಕಿಂಡಿಯೊಂದು, ಅಂಚಿನಲ್ಲಿ ಕತ್ತರಿಸಿದ ಕಚ್ಚು. ನನ್ನ ಕಣ್ಣಿಗೆ ಕಂಡದ್ದು ಕಾರ್ಡುಗಳೇ. ಕಾರ್ಡಿನಲ್ಲಿ ನಕ್ಷೆಯ ತೂತು ಬೇರೆ, ದಾರದ ತೂತು ಬೇರೆ. ನಕ್ಷೆಯದು ನಡುವೆ ಇರುತ್ತದೆ, ದಾರದ್ದು ಎರಡೂ ಅಂಚಿಗೆ. ದಾರದ ತೂತಿನಿಂದ ನಕ್ಷೆಗೆ ಏನೂ ಆಗುವುದಿಲ್ಲ. ಫ್ಲಾಪಿಯ ನಡುವಿನ ತೂತುಗಳನ್ನು ಯಂತ್ರ ಓದಿಕೊಳ್ಳುತ್ತದೆ, ಅಂಚಿನ ಜಾಗ ಖಾಲಿ ಬಿಟ್ಟಿರುವುದು ದಾರಕ್ಕೇ ಅಂತ ನನ್ನ ಬೆರಳಿಗೆ ಅನ್ನಿಸಿತು. ದಾರದ ತೂತು ಹರಿದ ಕಾರ್ಡುಗಳನ್ನು ಸರಿಮಾಡುವ ಪಂಚ್ ಮನೆಯಲ್ಲೇ ಇತ್ತು. ಎಡಕ್ಕೊಂದು ಬಲಕ್ಕೊಂದು, ಅಂಚಿನಿಂದ ಒಂದು ಬೆರಳಿನಗಲ ಬಿಟ್ಟು, ಎಲ್ಲದಕ್ಕೂ ಒಂದೇ ಅಳತೆಯಲ್ಲಿ ತೂತು ಹಾಕಿದೆ. ಎಂಟರದೊಂದು ಸರ, ಇನ್ನೆಂಟರದೊಂದು ಸರ. ಒಂದು ಶೆಡ್ಡಿಗೆ, ಒಂದು ಮನೆಗೆ. ಕೊಂಡಿಯ ಗಂಟು ಹಾಕಿ, ಒಂದರ ಮೇಲೊಂದು ಮಡಿಸಿ, ಮರದ ಪೆಟ್ಟಿಗೆಯಲ್ಲಿಟ್ಟೆ. ಒಂದನ್ನೂ ಬಗ್ಗಿಸಲಿಲ್ಲ. ಕಿಂಡಿಗೆ ಬೆರಳು ತಾಕಿಸಲಿಲ್ಲ.

ಸಂಜೆ ಇವರು ಬಂದು ನೋಡಿದರು. ಸರವನ್ನು ಎತ್ತಿ, ಬಿಚ್ಚಿ, ಮತ್ತೆ ಮಡಿಸಿ, ಇನ್ನು ಒಂದೂ ಕಳೆಯಲ್ಲ ಬಿಡು ಅಂದರು. ಅವರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ ಅನ್ನುವುದನ್ನು ನಾನು ನನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ. ಹಾಗೆ ನಡೆದದ್ದರಿಂದ ಬರೆಯುತ್ತಿದ್ದೇನೆ.

ಗುರುವಾರ ನಾನು ಪ್ಲೈವುಡ್ಡಿನ ಈಚೆಗೆ ಕೂತಿದ್ದೆ. ಒಳಗೆ ದಾರ ಬಿಚ್ಚುವ ಸದ್ದು ಕೇಳಿಸಿತು, ಮೇಷ್ಟ್ರು ಇದೇನು ಸಾರ್ ಮಲ್ಲಿಗೆ ಹೂವಾ ಅಂತ ನಕ್ಕದ್ದೂ ಕೇಳಿಸಿತು. ಫ್ಲಾಪಿ ಒಳಗೆ ಹೋಯಿತು. ಯಂತ್ರ ಕರಕರ ಅಂದಿತು, ಸುಮ್ಮನಾಯಿತು, ಮತ್ತೆ ಕರಕರ ಅಂದಿತು. ಎರಡನೆಯದನ್ನು ಹಾಕಿದರು. ಮೂರನೆಯದು.

"ಇದಕ್ಕೆ ತೂತು ಹಾಕಿದ್ದು ಯಾರು ಸಾರ್?" ಮೇಷ್ಟ್ರ ದನಿಯಲ್ಲಿ ನಗು ಇರಲಿಲ್ಲ.

"ನಾನೇ," ಅಂದರು ಇವರು.

ನನ್ನ ಕೈಯಲ್ಲಿ ಸೂಜಿ ಇತ್ತು. ಎದ್ದು ಹೋಗಿ ಅವರಲ್ಲ, ನಾನು ಅನ್ನಲು ನಾಲ್ಕು ಹೆಜ್ಜೆ. ಏಳಲಿಲ್ಲ. ಕಾರ್ಡಿನ ಮುಂದಿನ ತೂತಿಗೆ ದಾರ ಏರಿಸಿದೆ.

ಮೇಷ್ಟ್ರು ಒಂದು ಫ್ಲಾಪಿಯ ಹೊದಿಕೆಯನ್ನು ಕತ್ತರಿಸಿ ತೋರಿಸಿದರಂತೆ. ಹೊರಗೆ ಚೌಕವಾಗಿದ್ದರೂ ಒಳಗಿರುವುದು ಗುಂಡನೆಯ ಹಾಳೆ, ಅದು ತಿರುಗುತ್ತದೆ. ಬರೆದದ್ದು ತೂತಿನಲ್ಲಿಲ್ಲ, ಆ ಹಾಳೆಯ ಮೈಮೇಲೆಲ್ಲ ಕಾಣದ ಹಾಗೆ ಇರುತ್ತದೆ. ಒಳಗೆ ಏನೇನಿದೆ ಅನ್ನುವ ಪಟ್ಟಿ ಇರುವುದೇ ಅದರ ಹೊರ ಅಂಚಿನಲ್ಲಿ. ನಾನು ತೂತು ಹಾಕಿದ್ದು ಸರಿಯಾಗಿ ಅಲ್ಲಿಗೆ. ಚೌಕದ ಮೂಲೆಗೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ ಅಂದರಂತೆ ಮೇಷ್ಟ್ರು. ಮೂಲೆಯಲ್ಲಿ ದಾರ ಕಟ್ಟಿದರೆ ಸರ ನೆಟ್ಟಗೆ ನಿಲ್ಲುವುದಿಲ್ಲ. ಅದಕ್ಕೇ ನಾವು ಯಾವತ್ತೂ ಮೂಲೆಗೆ ಕಟ್ಟುವುದಿಲ್ಲ.

ಮೂರು ಡಿಸೈನು ಕಾಗದದ ಮೇಲಿದ್ದವು. ಎಂಟನೆಯದನ್ನು ಯಂತ್ರದ ಒಳಗಿನಿಂದ ಇನ್ನೂ ಅಳಿಸಿರಲಿಲ್ಲ. ನಡುವಿನ ನಾಲ್ಕು ಹೋದವು. ಹೊಸ ಹಂಸ ಹೋಯಿತು. ದೀಪಾವಳಿಗೆ ಹತ್ತು ದಿನ ಮಾತ್ರ ಇತ್ತು.

ಸಾವ್ಕಾರರು ಕೂಗಾಡಲಿಲ್ಲ. ಕೇಳಿ ಮಾಡಬಾರದಾಗಿತ್ತಾ ಅಂದರಂತೆ, ಅಷ್ಟೇ. ಮನೆಯಲ್ಲಿ ನಾನು ನಾಳೆ ಹೋಗಿ ಹೇಳುತ್ತೇನೆ ಅಂದೆ. ಹೇಳಕೂಡದು ಅಂದರು ಇವರು. ನಡುಮನೆಯಲ್ಲಿ ಗ್ರಾಫ್ ಹಾಳೆ ಹರಡಿ, ಬೆಳಕಿಗೆ ಹತ್ತಿರ ಎಳೆದುಕೊಂಡು, ಹಂಸವನ್ನು ನೆನಪಿನಿಂದ ಬಿಡಿಸಲು ಕೂತರು. ಕತ್ತಿನ ತಿರುವು ಸರಿಬರಲಿಲ್ಲ. ಒರೆಸಿದರು, ಮತ್ತೆ ಬಿಡಿಸಿದರು. ಚೌಕಗಳು ಅವರಿಗೆ ಕಾಣಿಸುತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು.

ಮೂರು ದಿನ ನೋಡಿದೆ. ನಾಲ್ಕನೆಯ ದಿನ ಸಾವ್ಕಾರರು ಬೆಂಗಳೂರಿಗೆ ಹೇಳಿಕಳಿಸಿದ್ದಾರೆ ಅನ್ನುವ ಸುದ್ದಿ ಬಂತು. ನಾನು ಇವರಿಗೆ ಹೇಳದೆ, ಬೆಳಿಗ್ಗೆ ಸಾವ್ಕಾರರ ಮನೆಗೆ ಹೋದೆ. ಜಗುಲಿಯ ಮೇಲೆ ಪೇಪರು ಓದುತ್ತಿದ್ದರು. ತೂತು ಹಾಕಿದ್ದು ನಾನು, ಅವರು ಊರಲ್ಲೇ ಇರಲಿಲ್ಲ, ಅವರ ಮೇಲೆ ತಪ್ಪು ಹೊರಿಸಬೇಡಿ ಅಂದೆ. ಮನೆಗೆಂದು ಕಟ್ಟಿದ್ದ ಸರವನ್ನೂ ಒಯ್ದಿದ್ದೆ. ಅವರು ಅದನ್ನು ಕೈಗೆ ತೆಗೆದುಕೊಂಡು ಗಂಟುಗಳನ್ನು ನೋಡಿದರು. ಅವರೂ ಮಗ್ಗದ ಮನೆಯಲ್ಲಿ ಹುಟ್ಟಿದವರು.

"ಕೆಲಸ ಅಚ್ಚುಕಟ್ಟಾಗಿದೆ ತಾಯಿ," ಅಂದರು. "ಆದ್ರೆ ಇದು ನಿನ್ನ ಕೈಗೆ ಯಾಕೆ ಬಂತು? ಮೇಷ್ಟ್ರು ಪಾಠ ಹೇಳಿದ್ದು ಅವನಿಗಲ್ವಾ?"

ಅದಕ್ಕೆ ಉತ್ತರ ಹೇಳಹೋದವಳು ಎಲ್ಲ ಹೇಳಿಬಿಟ್ಟೆ. ಚೀಟಿ ಯಾಕೆ ನಾನು ಬರೆದೆ, ನೋಟ್‌ಬುಕ್ಕು ಯಾಕೆ ಇಟ್ಟೆ, ಗುರುವಾರ ಪ್ಲೈವುಡ್ಡಿನ ಪಕ್ಕ ಯಾಕೆ ಕೂತೆ. ಎಷ್ಟು ಕಷ್ಟಪಟ್ಟು ಕಲಿತರು ಅಂತ ಅವರಿಗೆ ಗೊತ್ತಾಗಲಿ ಅಂತಲೇ ಹೇಳಿದೆ. ಸಾವ್ಕಾರರು ಪೇಪರನ್ನು ಮಡಿಸಿದರು.

"ಹಂಗಾದ್ರೆ ಅವನಿಗೆ ಇಂಗ್ಲಿಷ್ ಅಕ್ಷರಾನೇ ಬರ್ತಿರ್ಲಿಲ್ಲ," ಅಂದರು. ಅವನನ್ನು ನಾನು ಕೈಬಿಡುವುದಿಲ್ಲ, ಆದರೆ ಕಂಪ್ಯೂಟರಿನ ಮುಂದೆ ಇನ್ನು ಬೇರೆಯವರೇ ಕೂರಲಿ ಅಂದರು. ಕಾಫಿ ಕುಡಿದು ಹೋಗು ಅಂದರು. ಕುಡಿದೆ.

ಮಧ್ಯಾಹ್ನದೊಳಗೆ ವಿಷಯ ಇವರಿಗೆ ತಿಳಿಯಿತು. ಊಟಕ್ಕೆ ಬಂದವರು ತಟ್ಟೆಯ ಮುಂದೆ ಕೂರಲಿಲ್ಲ, ಬಾಗಿಲಲ್ಲೇ ನಿಂತರು.

"ನಾನೇ ಅಂತ ಒಪ್ಕೊಂಡಿದ್ನಲ್ಲ, ಆಗ ಒಂದು ಸಲ ಕೈತಪ್ಪಿದವನು ಅಂತಿದ್ರು," ಅಂದರು. "ಈಗ ಓದೋಕೆ ಬರದೋನು ಅಂತಾರೆ."

ನಾನು ಬಡಿಸಿಟ್ಟ ತಟ್ಟೆಯನ್ನು ಎತ್ತಿ ಒಳಗಿಟ್ಟೆ.

ಈಚೆಗೆ ಬ್ಯಾಂಕಿನಲ್ಲಿ, ಪೋಸ್ಟಾಫೀಸಿನಲ್ಲಿ ಕಂಪ್ಯೂಟರ್ ಬರುತ್ತಿರುವ ಹಾಗೆ ನಮ್ಮ ವಯಸ್ಸಿನವರು ಇದು ಹೇಗೆ, ಅದು ಹೇಗೆ ಅಂತ ನನ್ನನ್ನು ಕೇಳುತ್ತಾರೆ. ಹೆದರಬೇಡಿ, ಮುಟ್ಟಿದರೆ ಕೆಡುವುದಿಲ್ಲ, ಆಗಾಗ ಸೇವ್ ಮಾಡಿ ಅಂತ ಹೇಳುತ್ತೇನೆ. ಜೊತೆಗೆ ಅವರು ಇಷ್ಟು ವರ್ಷ ಏನು ಕೆಲಸ ಮಾಡಿದರು ಅಂತಲೂ ಕೇಳುತ್ತೇನೆ. ಹೇಳಿಕೊಡುವವರಿಗೆ ತಮಗೆ ತೋಚಿದ ತಪ್ಪುಗಳನ್ನು ಮಾತ್ರ ಮಾಡಬೇಡಿ ಅನ್ನಲು ಬರುತ್ತದೆ. ತೂತು ಹಾಕಬೇಡಿ ಅಂತ ಮೇಷ್ಟ್ರು ಹೇಳಲಿಲ್ಲ, ಹೇಳುವುದು ಅವರಿಗೆ ಹೊಳೆಯುವುದಾದರೂ ಹೇಗೆ? ಕೇಳುವುದು ನನಗೆ ಹೊಳೆಯಲಿಲ್ಲ. ಕೈ ತನಗೆ ಗೊತ್ತಿದ್ದನ್ನು ತಾನೇ ಮಾಡಿಬಿಟ್ಟಿತು.

ಆ ವರ್ಷ ದೀಪಾವಳಿ ಕಳೆದ ಸೋಮವಾರ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು, ಮರ್ಯಾದೆ ಗೊತ್ತಿದ್ದವಳು. ಅವಳಿಗೆ ಯಂತ್ರ ಬರುತ್ತಿತ್ತು, ಸೀರೆ ಬರುತ್ತಿರಲಿಲ್ಲ. ಅಂಚಿಗೆ ಎಷ್ಟು ಎಳೆ, ಸೆರಗಿನಲ್ಲಿ ಹಂಸ ಯಾವ ಕಡೆ ಮುಖ ಮಾಡಬೇಕು, ಬುಟ್ಟಾ ಎಷ್ಟು ದೂರಕ್ಕೊಂದು ಬಂದರೆ ಉಟ್ಟಾಗ ಚೆನ್ನ, ಇದೆಲ್ಲ ಅವಳು ಕೇಳಬೇಕು. ಸಾವ್ಕಾರರು ಅವಳ ಪಕ್ಕಕ್ಕೆ ಒಂದು ಸ್ಟೂಲು ಹಾಕಿಸಿ ಇವರನ್ನು ಕೂರಿಸಿದರು. ಕೆಲಸ ಹೋಗಲಿಲ್ಲ. ಜನ ನನಗೆ ಅದನ್ನೇ ಹೇಳಿ ಸಮಾಧಾನ ಮಾಡಿದರು.

ಮೊದಲ ದಿನ ಇವರು ಸಂಜೆ ಮನೆಗೆ ಬಂದು ಕೈಕಾಲು ತೊಳೆದುಕೊಂಡರು. ಮೊದಲೆಲ್ಲ ಬಂದ ಕೂಡಲೇ ಬೆರಳ ಸಂದಿಯ ಕೆಂಪು ಬಣ್ಣ ತಿಕ್ಕಿ ತೊಳೆಯುತ್ತಿದ್ದರು. ಆ ದಿನ ತೊಳೆಯುವುದೇನೂ ಇರಲಿಲ್ಲ, ಆದರೂ ಅಷ್ಟೇ ಹೊತ್ತು ತೊಳೆದರು. ಮೂವತ್ತು ವರ್ಷದಿಂದ ದಿನಾ ಕೇಳುವ ಹಾಗೆ ನಾನು ಲೋಟ ಕೊಡುತ್ತಾ ಕೇಳಿಬಿಟ್ಟೆ, ಇವತ್ತು ಏನು ಬಿಡಿಸಿದ್ರಿ ಅಂತ.

ಅವರು ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಬಿಡಿಸ್ಲಿಲ್ಲ ಕಣೇ," ಅಂದರು. "ಹೇಳ್ದೆ."